ಗಡ್ಡದವನ ಸ್ಕೆರ್ಟ್ಸೋ

ಯಾರಾದರೂ ಏನಾದರೂ ಕೇಳಿದರೆ ಅವರನ್ನು ಬರಿಗೈಲಿ ಕಳಿಸುವುದು ಈರಣ್ಣನ ಜಾಯಮಾನದಲ್ಲೇ ಇರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುತ್ತಿದ್ದ. ಆ ದಾರಿ ಹಿಡಿದವರು ಎಲ್ಲಿಗೆ ತಲುಪಿದರು ಎನ್ನುವುದು ಅವರವರ ಹಣೆಬರಹ. ಕರೆನ್ ಬಡಾವಣೆಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಹೊರಟ ಒಂದು ಇಡೀ ಸಂಸಾರ ಇವನ ಮಾತು ನಂಬಿ ಊರಿನ ಇನ್ನೊಂದು ತುದಿಯೆಲ್ಲ ಸುತ್ತಿ, ಸಂಜೆ ಕಾಫಿಗೆ ತಲುಪಿದ್ದೂ ಉಂಟು. ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಮ್ಯಾನೇಜರ್ ಅವನು. ಆದರೆ ಮಾತಿನ ಗುಣಮಟ್ಟವನ್ನು ಒಂದು ದಿನವಾದರೂ ನೋಡಿಕೊಂಡವನಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವನ ಹೆಂಡತಿ ಶೈಲಜಾಳದ್ದು.

ಆವತ್ತು ಶನಿವಾರ. ಹೈರಿಡ್ಜ್ ಬಡಾವಣೆಯ ಫ್ಲ್ಯಾಟಿನಲ್ಲಿ ಮಗಳು ಶರ್ವಾಣಿ ತನ್ನ ಡಿಜಿಟಲ್ ಪಿಯಾನೋದ ಮುಂದೆ ಕೂತು ಒಂದೇ ಸಂಗೀತವನ್ನು ಬೆಳಗಿನಿಂದ ತಿದ್ದಿ ತೀಡಿ ನುಡಿಸುತ್ತಿದ್ದಳು. ಕೆಳಗಿನ ಮನೆಯ ಹರ್ಷ ಸಾರಿನಪುಡಿ ಕೇಳುವ ನೆಪದಲ್ಲಿ ಮೇಲೆ ಬಂದ. ಇವನು ಕನ್ನಡ ಕೂಟದ ಕಾರ್ಯದರ್ಶಿ. ಕೇಳಿದ್ದನ್ನೆಲ್ಲ ಕೂಟದ ವಾಟ್ಸ್ಯಾಪ್ ಗುಂಪಿಗೆ ಹಾಕುವುದು ತನ್ನ ಧರ್ಮವೆಂದು ತಿಳಿದವನು. ಬಾಗಿಲಲ್ಲಿ ದೊಡ್ಡವರ ಮಾತು ಶುರುವಾದ ಕೂಡಲೇ ಶರ್ವಾಣಿ ರೂಢಿಯಂತೆ ಹೆಡ್‌ಫೋನ್ ಹಾಕಿಕೊಂಡು ಪಿಯಾನೋದ ಸದ್ದನ್ನು ತನ್ನ ಕಿವಿಗಷ್ಟೇ ಇಟ್ಟುಕೊಂಡಳು. ಹುಡುಗಿ ಆ ಒಂದು ಕ್ಷಣ ಹೆಡ್‌ಫೋನ್ ಹಾಕಿಕೊಳ್ಳದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಚೆನ್ನಾಗಿ ಬಾರಿಸ್ತಾಳೆ ಈರಣ್ಣೋರೆ. ಯಾವ ರಾಗ ಅದು?" ಎಂದ ಹರ್ಷ.

"ರಾಗ ಅಲ್ಲ ಅದು. ಸ್ಕೆರ್ಟ್ಸೋ."

"ಹಾಗಂದ್ರೆ?"

ಸ್ಕೆರ್ಟ್ಸೋ ಎಂಬ ಹೆಸರನ್ನು ಈರಣ್ಣ ಮಗಳ ಬಾಯಿಂದ ಕೇಳಿದ್ದನೇ ಹೊರತು, ಹಾಗೆಂದರೇನು ಎಂದು ಅವಳನ್ನು ಕೇಳಿರಲಿಲ್ಲ. ಈಗ ಅವಳ ಕಡೆ ನೋಡಿದ. ಅವಳ ಮುಂದೆ ತೆರೆದಿಟ್ಟ ಪುಸ್ತಕದ ಮೂಲೆಯಲ್ಲಿ ಅದನ್ನು ಬರೆದವನ ಚಿತ್ರವಿತ್ತು. ಕರೀ ಕೋಟು, ಎದೆಯವರೆಗೆ ಇಳಿದ ಗಡ್ಡ, ನಾಳೆ ಬೆಳಗಾಗುವುದೇ ಬೇಡ ಎನ್ನುವಂಥ ಕಣ್ಣು. ಈರಣ್ಣನ ದೊಡ್ಡಪ್ಪ ತಮ್ಮ ತಂದೆ ತೀರಿಕೊಂಡಾಗ ವರ್ಷಾಂತಿಕ ಮುಗಿಯುವವರೆಗೂ ಕತ್ತರಿ ಮುಟ್ಟಿಸದೆ ಹೀಗೇ ಗಡ್ಡ ಬಿಟ್ಟಿದ್ದರು, ಹೀಗೇ ನೋಡುತ್ತಿದ್ದರು. ಇಷ್ಟು ಸಾಕ್ಷ್ಯ ಸಾಕಾಗದೆ ಇರಲು ಅವನೇನು ಕೋರ್ಟೇ?

"ಅದು ಹೋದವರ ನೆನಪಿಗೆ ನುಡಿಸೋದು," ಎಂದ ಈರಣ್ಣ, ದನಿ ತಗ್ಗಿಸಿ. "ಇಟಲಿ ಕಡೆ ತಂದೆ ತೀರಿಕೊಂಡ್ರೆ ಮಗ ವರ್ಷ ಪೂರ್ತಿ ಗಡ್ಡ ಬಿಡ್ತಾನೆ. ವರ್ಷದ ಕೊನೇಲಿ ಒಂದು ಸ್ಕೆರ್ಟ್ಸೋ ಬರೀಬೇಕು. ನಮ್ಮಲ್ಲಿ ತಿಥಿ ಹೆಂಗೋ, ಅವರಲ್ಲಿ ಇದು."

"ಸಂಗೀತ ಬರದೇ ಇರೋರು ಏನ್ಮಾಡ್ತಾರೆ?"

"ಬರೋರ ಕೈಲಿ ಬರೆಸ್ತಾರೆ. ದಕ್ಷಿಣೆ ಕೊಟ್ಟು."

ದಕ್ಷಿಣೆ ಎಂಬ ಮಾತಿನಿಂದ ವಿಷಯಕ್ಕೆ ಶಾಸ್ತ್ರದ ಮುದ್ರೆ ಬಿತ್ತು. ಹರ್ಷನ ಕಣ್ಣಲ್ಲಿ ನೀರಾಡಿತು. ಸಾರಿನಪುಡಿ ಮರೆತು ಲಿಫ್ಟಿನ ಕಡೆ ನಡೆದ. ಲಿಫ್ಟು ಕೆಳಗೆ ತಲುಪುವಷ್ಟರಲ್ಲಿ ಸ್ಕೆರ್ಟ್ಸೋದ ಅರ್ಥ ಮತ್ತು ಮೂಲ ಎರಡೂ ಕೂಟದ ಗುಂಪಿಗೆ ತಲುಪಿದ್ದವು, ಕೆಳಗೆ ಕೈಮುಗಿದ ಚಿತ್ರದೊಂದಿಗೆ.

ಸಂಜೆ ಈರಣ್ಣ ಹಾಲು ತರಲು ಇಳಿದಾಗ ಗೇಟಿನ ಕಾವಲುಗಾರ ಕೆವಿನ್ ಟೋಪಿ ತೆಗೆದು ನಿಂತು, "ಪೋಲೆ ಸಾನಾ, ಬಾಸ್," ಎಂದ. ಸಾವಿನ ಮನೆಯವರಿಗೆ ಇಲ್ಲಿ ಹೇಳುವ ಸಮಾಧಾನದ ಮಾತು ಅದು. ದಿನವಿಡೀ ಮೇಲಿನ ಮನೆಯಲ್ಲಿ ಸತ್ತವರ ಸಂಗೀತ ನುಡಿಯುತ್ತಿದೆ ಎಂದು ಹರ್ಷ ಅವನಿಗೂ ಹೇಳಿದ್ದ. ಸತ್ತವರು ಯಾರೂ ಇಲ್ಲ ಎಂದು ಈರಣ್ಣ ವಿವರಿಸಬಹುದಿತ್ತು. "ಅಸಾಂಟೆ," ಎಂದು ಅವನದೇ ಭಾಷೆಯಲ್ಲಿ ಧನ್ಯವಾದ ಹೇಳಿ, ತಲೆ ತಗ್ಗಿಸಿ ಮುಂದೆ ಹೋದ.

ಸೋಮವಾರ ಕಾರ್ಖಾನೆಯಲ್ಲಿ ಅಭಯ್ ಸರ್ ಕರೆಕಳಿಸಿದರು. ಅಭಯ್ ಅಂದರೆ ಪ್ಲ್ಯಾಂಟ್ ಹೆಡ್, ಮೈಸೂರಿನವರು. ತಂದೆ ತೀರಿಕೊಂಡರೆಂದು ಊರಿಗೆ ಹೋಗಿ, ಕರ್ಮಾಂತರ ಮುಗಿಸಿ, ಒಂಟಿಯಾದ ತಾಯಿಯನ್ನು ಜೊತೆಗೆ ಕರೆದುಕೊಂಡು ಆಗಷ್ಟೇ ಮರಳಿದ್ದರು. ಈರಣ್ಣನ ಕಾಂಟ್ರ್ಯಾಕ್ಟು ಆ ತಿಂಗಳಿಗೆ ಮುಗಿಯುತ್ತಿತ್ತು. ಅಭಯ್ ಸಹಿ ಮಾಡಿದರೆ ವರ್ಕ್ ಪರ್ಮಿಟ್ಟು, ಮನೆ, ಮಗಳ ಸ್ಕೂಲು ಎಲ್ಲ ಇದ್ದಲ್ಲೇ ಇರುತ್ತವೆ. ಮಾಡದಿದ್ದರೆ ಪಿಯಾನೋ ಸಮೇತ ಊರಿನ ವಿಮಾನ. ಆದ್ದರಿಂದ ಆ ಕ್ಯಾಬಿನ್ನಿಗೆ ಹೋಗುವಾಗ ಈರಣ್ಣ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡ.

ಅಭಯ್ ಮುಖದಲ್ಲಿ ಗಡ್ಡ ಬೆಳೆದಿತ್ತು.

"ನಿಮ್ಮ ವಿಷಯ ಗ್ರೂಪಲ್ಲಿ ಓದಿದೆ ಈರಣ್ಣ. ರಾತ್ರಿ ನಿದ್ದೆ ಬರ್ಲಿಲ್ಲ," ಎಂದರು ಅಭಯ್. "ಎಲ್ಲಿಯ ಇಟಲಿ, ಎಲ್ಲಿಯ ಮೈಸೂರು. ದುಃಖ ಒಂದೇ ನೋಡಿ. ಭಾನುವಾರ ಅಪ್ಪನಿಗೆ ನುಡಿನಮನ ಇಟ್ಕೊಂಡಿದೀವಿ, ಹೈರಿಡ್ಜ್ ಹಾಲ್‌ನಲ್ಲಿ. ಅಮ್ಮ ಬಂದಾಗಿಂದ ಸರಿಯಾಗಿ ಮಾತಾಡಿಲ್ಲ, ಊಟ ಮಾಡ್ತಿಲ್ಲ. ನಿಮ್ಮ ಮಗಳು ಆ ಸ್ಕೆರ್ಟ್ಸೋ ನುಡಿಸಬೇಕು. ಇಲ್ಲ ಅನ್ಬೇಡಿ."

"ಖಂಡಿತ ಸರ್. ನಮ್ಮ ಭಾಗ್ಯ."

"ಕಾಂಟ್ರ್ಯಾಕ್ಟ್ ವಿಷಯ ಅದಾದ್ಮೇಲೆ ಸೋಮವಾರ ಕೂತು ಮಾತಾಡೋಣ."

ಮನೆಗೆ ಬಂದ ಈರಣ್ಣ ಶೂ ಬಿಚ್ಚುವ ಮೊದಲೇ ಸುದ್ದಿ ಹೇಳಿದ. ಕಾಂಟ್ರ್ಯಾಕ್ಟು ಬಂದ ಹಾಗೇ ಎಂದು ಶೈಲಜಾ ದೇವರ ಮುಂದೆ ತುಪ್ಪದ ದೀಪ ಹಚ್ಚಲು ಹೊರಟಳು. ಶರ್ವಾಣಿ ಮಾತ್ರ ಹೆಡ್‌ಫೋನನ್ನು ನಿಧಾನವಾಗಿ ಕುತ್ತಿಗೆಗೆ ಇಳಿಸಿದಳು. ನೈರೋಬಿಯಲ್ಲಿ ಬೆಳೆದ ಮಕ್ಕಳಂತೆ ಅವಳಿಗೂ ಕನ್ನಡ ಒಳಗೆ ಹೋಗಿ ಇಂಗ್ಲಿಷಾಗಿ ಹೊರಗೆ ಬರುತ್ತಿತ್ತು.

"ಅಪ್ಪಾ, ಸ್ಕೆರ್ಟ್ಸೋ ಮೀನ್ಸ್ ಜೋಕ್."

"ಏನಂದೆ?"

"ಜೋಕ್. ಇಟ್ಸ್ ಇಟಾಲಿಯನ್ ಫಾರ್ ಜೋಕ್."

ಶೈಲಜಾಳ ಕೈಯ ಬೆಂಕಿಕಡ್ಡಿ ದೀಪದವರೆಗೆ ಹೋಗಲಿಲ್ಲ. ಮಗಳಿಗೆ ಗೊತ್ತಿಲ್ಲದೇ ಇರಬಹುದು ಎಂಬ ಕಟ್ಟಕಡೆಯ ಆಸೆಯಿಂದ ಈರಣ್ಣ ಅವಳ ಪಿಯಾನೋ ಟೀಚರ್ ಡೆಬೊರಾ ಮಿಸ್‌ಗೆ ಫೋನ್ ಹಚ್ಚಿದ. ಡೆಬೊರಾ ಮಿಸ್ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ಪಾಠದಲ್ಲಿ ಇಂಗ್ಲಿಷು, ಈರಣ್ಣನಂಥವರ ಜೊತೆ ಕನ್ನಡ.

"ಜೋಕೇ ಮಾರಾಯ್ರೇ, ಮತ್ತೆಂತ?" ಎಂದರು ಅವರು. "ಮೊದಲು ದೊಡ್ಡ ಸಂಗೀತದ ನಡುವಲ್ಲಿ ಅರಮನೆಯ ಒಂದು ಡಾನ್ಸ್ ಇರ್ತಿತ್ತು. ಬಗ್ಗಿ ನಮಸ್ಕಾರ ಮಾಡ್ಕೊಂಡು, ಮೆಲ್ಲ ಮೆಲ್ಲ ಕಾಲು ಹಾಕುವಂಥದ್ದು. ಅದು ಬೇಜಾರಾಗಿ ಆ ಜಾಗಕ್ಕೆ ಈ ಓಡುವ, ಕಚಗುಳಿ ಇಡುವ ತುಂಡು ತಂದ್ರು. ಆಮೇಲೆ ಅದನ್ನೇ ಬೇರೆಯಾಗಿಯೂ ಬರೆಯುದಕ್ಕೆ ಶುರು ಮಾಡಿದ್ರು. ಶರ್ವಾಣಿದು ಭಾರೀ ಲಾಯ್ಕಿದೆ, ನೋಡಿ. ಮುಗಿಯಿತು ಅಂತ ಕಾಣ್ತದೆ, ಮುಗಿಯುದಿಲ್ಲ. ಪುನಃ ಮುಗಿದ ಹಾಗೆ ಮಾಡ್ತದೆ, ಪುನಃ ಹೊರಡ್ತದೆ. ಅದೇ ತಮಾಷೆ."

"ಮಿಸ್, ಆದ್ರೆ ಅದನ್ನ ಬರೆದವರಿಗೆ ಅಷ್ಟುದ್ದ ಗಡ್ಡ ಇದೆಯಲ್ಲ?"

"ಆಗ ಎಲ್ಲರಿಗೂ ಗಡ್ಡ ಇತ್ತು," ಎಂದರು ಡೆಬೊರಾ ಮಿಸ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಆಡಿದ ಮಾತು ವಾಟ್ಸ್ಯಾಪಿಗೆ ಹೋದರೆ ಏನೆಂದು ಅವರು ಹೇಳಿಲ್ಲ. ಈರಣ್ಣ ಮಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಪುಟ್ಟಿ, ಅದನ್ನೇ ಸ್ವಲ್ಪ ನಿಧಾನವಾಗಿ, ದುಃಖವಾಗಿ ನುಡಿಸೋಕಾಗಲ್ವಾ?"

ಶರ್ವಾಣಿ ನುಡಿಸಿ ತೋರಿಸಿದಳು. ಮದುವೆಮನೆಯಲ್ಲಿ ಈರಣ್ಣನೇ ಹೇಳುವ ಜೋಕಿನ ಹಾಗೆ, ಎಲ್ಲಿ ನಗಬೇಕೋ ಗೊತ್ತಾಗದೆ, ಮುಗಿದರೆ ಸಾಕಪ್ಪಾ ಎನ್ನಿಸಿತು. "ಐ ಕಾಂಟ್ ಡು ದಿಸ್ ಟು ಇಟ್," ಎಂದು ಅವಳು ಮುಚ್ಚಳ ಹಾಕಿದಳು. ಬೇರೆ ಯಾವುದಾದರೂ ನುಡಿಸು ಎಂದರೆ, ಅಭಯ್ ಅಂಕಲ್ ಸ್ಕೆರ್ಟ್ಸೋ ಕೇಳಿದ್ದಾರೆ, ಬೇರೆಯದಕ್ಕೆ ಆ ಹೆಸರಿಟ್ಟು ಸುಳ್ಳು ಹೇಳುವವಳು ತಾನಲ್ಲ ಎಂದಳು. ಸುಳ್ಳು ಹೇಳುವವರು ಯಾರು ಎನ್ನುವುದನ್ನು ಅವಳ ಕಣ್ಣು ಹೇಳಿತು.

"ಹೋಗಿ ನಿಜ ಹೇಳಿ ಬನ್ನಿ ರೀ," ಎಂದಳು ಶೈಲಜಾ. "ಗಂಡನ್ನ ಕಳ್ಕೊಂಡು ಊಟ ಬಿಟ್ಟು ಕೂತಿದಾರೆ ಆ ಹೆಂಗಸು. ಅವರ ಮುಂದೆ ನಮ್ಮ ಮಗು ಕೈಲಿ ಜೋಕ್ ಹೊಡಿಸ್ತೀರಾ? ಕಾಂಟ್ರ್ಯಾಕ್ಟ್ ಮನೆ ಹಾಳಾಗ್ಲಿ, ನಾನು ಅವರಿಗೆ ಮುಖ ತೋರಿಸಬೇಕು ತಾನೆ?"

ಸುಳ್ಳು ಹೇಳುವುದು ಈರಣ್ಣನಿಗೆ ಎಂದೂ ಕಷ್ಟವಾಗಿರಲಿಲ್ಲ. ನಿಜ ಹೇಳುವುದು ಎಂಥ ಕಷ್ಟ ಎಂದು ಆ ವಾರ ಅವನಿಗೆ ಅರ್ಥವಾಯಿತು. ಅವನಿಗೆ ಬಾಯಿ ಬರಲಿಲ್ಲ ಎಂದಲ್ಲ. ಕೇಳುವವರಿಗೆ ಕಿವಿ ಇರಲಿಲ್ಲ.

ಮೊದಲು ಹರ್ಷನ ಮನೆಗೆ ಇಳಿದ. "ಹರ್ಷ, ಅವತ್ತು ನಾನು ಹೇಳಿದ್ದು ತಪ್ಪು. ಸ್ಕೆರ್ಟ್ಸೋ ಅಂದ್ರೆ ಜೋಕು. ಗ್ರೂಪಲ್ಲಿ ತಿದ್ದಿ ಹಾಕ್ಬಿಡಿ."

ಹರ್ಷ ಮರುಕದಿಂದ ನಕ್ಕ. "ಯಾರು ನಿಮ್ಮ ತಲೆ ಕೆಡಿಸಿದ್ದು?"

"ಡೆಬೊರಾ ಮಿಸ್ಸೇ ಹೇಳಿದ್ರು."

"ಪಾಠ ಮಾಡೋರಿಗೆ ನುಡಿಸೋದು ಗೊತ್ತಿರತ್ತೆ ಸರ್, ಮೂಲ ಗೊತ್ತಿರಲ್ಲ. ಇಲ್ನೋಡಿ." ಹರ್ಷ ಫೋನು ಮುಂದೆ ಹಿಡಿದ. ದಾವಣಗೆರೆಯಲ್ಲಿರುವ ಅವನ ಭಾವ ಆವತ್ತು ಬೆಳಿಗ್ಗೆ ಕಳಿಸಿದ ಸಂದೇಶ. ಉರಿಯುವ ದೀಪದ ಚಿತ್ರದ ಕೆಳಗೆ ಸ್ಕೆರ್ಟ್ಸೋದ ಮಹಿಮೆ ಇತ್ತು. ಇಟಲಿ, ಗಡ್ಡ, ದಕ್ಷಿಣೆ ಎಲ್ಲ ಹಾಗೇ ಇದ್ದವು. ಅದನ್ನು ಕೇಳಿದರೆ ಪಿತೃಗಳಿಗೆ ಸದ್ಗತಿ ಎಂದು ವಿಜ್ಞಾನಿಗಳು ಒಪ್ಪಿದ್ದಾರೆ ಎಂಬ ಸಾಲು ಹೊಸದಾಗಿ ಸೇರಿತ್ತು.

"ಇದು ನಾನು ಹೇಳಿದ್ದೇ ರೀ. ಇಲ್ಲಿಂದ ಹೋಗಿ ತಿರುಗಿ ಬಂದಿದೆ."

"ನೀವು ಹೇಳಿದ್ದು ನನ್ನೊಬ್ಬನಿಗೆ. ನೀವೇ ಮಾಡ್ಕೊಂಡು ಹೇಳಿದ್ರೆ ದಾವಣಗೆರೆಯವರಿಗೆ ಹೇಗೆ ಗೊತ್ತಾಗತ್ತೆ, ಹೇಳಿ ನೋಡೋಣ."

ಈ ತರ್ಕದ ಎದುರು ಈರಣ್ಣ ತನ್ನದೇ ಸುಳ್ಳಿನ ಪಕ್ಕ ಅನಾಥನಂತೆ ನಿಂತ. ಅವನಿಗೆ ಹರ್ಷನ ಫೋನನ್ನು ಕಿತ್ತು ಬಾಲ್ಕನಿಯಿಂದ ಎಸೆಯಬೇಕೆನ್ನುವಷ್ಟು ಸಿಟ್ಟು ಬಂತು. ಆದರೆ ಕೆಳಗೆ ಕೆವಿನ್ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು.

ಶುಕ್ರವಾರ ಧೈರ್ಯ ಮಾಡಿ ಅಭಯ್ ಕ್ಯಾಬಿನ್ನಿಗೇ ಹೋದ. ಮೇಜಿನ ಮೇಲೆ ತನ್ನ ಕಾಂಟ್ರ್ಯಾಕ್ಟಿನ ಫೈಲು ಕಾಣುತ್ತಿದ್ದರೂ ಕಣ್ಣು ಮುಚ್ಚಿ ಹೇಳಿಬಿಟ್ಟ. "ಸರ್, ಆ ಸ್ಕೆರ್ಟ್ಸೋ ದುಃಖದ್ದಲ್ಲ. ನನ್ನಿಂದ ತಪ್ಪಾಯ್ತು. ಅದು ಜೋಕು ಸರ್. ಬರೀ ಜೋಕು."

ಅಭಯ್ ಫೈಲನ್ನು ಪಕ್ಕಕ್ಕೆ ಸರಿಸಿದರು. ಎದ್ದು ಬಂದು ಈರಣ್ಣನ ಭುಜದ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು.

"ಹೌದು ಈರಣ್ಣ. ಎಲ್ಲ ಬರೀ ಜೋಕು," ಎಂದರು. "ಹುಟ್ಟು, ಸಾವು, ಈ ಫ್ಯಾಕ್ಟರಿ, ಟಾರ್ಗೆಟ್ಟು. ಎಷ್ಟು ದೊಡ್ಡ ಮಾತು ಹೇಳಿಬಿಟ್ರಿ. ಇದನ್ನ ಭಾನುವಾರ ನನ್ನ ಭಾಷಣದಲ್ಲಿ ಸೇರಿಸ್ಕೋತೀನಿ."

"ಸರ್, ನಾನು ಹೇಳಿದ್ದು ಹಾಗಲ್ಲ—"

"ನಿಮ್ಮಲ್ಲಿ ಇಂಥ ಆಳ ಇದೆ ಅಂತ ನನಗೆ ಗೊತ್ತಿರ್ಲಿಲ್ಲ," ಎಂದು ಅಭಯ್ ಅವನನ್ನು ಬಾಗಿಲವರೆಗೂ ಬಿಟ್ಟುಬಂದರು.

ಭಾನುವಾರ ಬಂದೇ ಬಂತು. ಹೈರಿಡ್ಜ್ ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಹಾರ ಹಾಕಿದ ಫೋಟೋ, ಅದರ ಪಕ್ಕದಲ್ಲಿ ಶರ್ವಾಣಿಯ ಡಿಜಿಟಲ್ ಪಿಯಾನೋ. ಮೊದಲ ಸಾಲಿನಲ್ಲಿ ಅಭಯ್ ತಾಯಿ ಹತ್ತಿ ಸೀರೆ ಉಟ್ಟು, ಯಾರನ್ನೂ ನೋಡದೆ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ನೋಡಿದ ಈರಣ್ಣ ಎರಡೂ ಕೈ ಜೋಡಿಸಿದ. ಕಾಂಟ್ರ್ಯಾಕ್ಟನ್ನು ಒಂದು ಗಳಿಗೆ ಮರೆತು, ಈ ತಾಯಿಯ ಮುಂದೆ ಮಾತ್ರ ಇದಾಗಬಾರದಪ್ಪಾ ಎಂದು ಅವನು ಮನೆದೇವರಿಗೆ ಹರಕೆ ಹೊತ್ತ. ಕರೆಂಟು ಹೋಗಲಿ ಎಂದೂ ಬೇಡಿಕೊಂಡ. ವಾರವಿಡೀ ಕಣ್ಣಾಮುಚ್ಚಾಲೆ ಆಡುವ ಕರೆಂಟು ಆವತ್ತು ಗಟ್ಟಿಯಾಗಿ ನಿಂತಿತ್ತು.

ಅಭಯ್ ಭಾಷಣಕ್ಕೆ ಎದ್ದರು. "ಸ್ಕೆರ್ಟ್ಸೋ ಬಗ್ಗೆ ನೀವೆಲ್ಲ ಈಗ ಗ್ರೂಪಲ್ಲಿ ಓದಿರ್ತೀರಿ. ನಾನು ಚಿಕ್ಕವಯಸ್ಸಿನಿಂದ ಕೇಳ್ತಾ ಬೆಳೆದೆ. ಅಪ್ಪ ಮೈಸೂರಿನ ಮನೇಲಿ ರೇಡಿಯೋ ಕಿವಿಗೆ ಹಚ್ಕೊಂಡು ಸಂಜೆ ಸಂಜೆ ಸ್ಕೆರ್ಟ್ಸೋ ಕೇಳ್ತಿದ್ರು. ಮಗಾ, ನಾನು ಹೋದ್ಮೇಲೆ ನನಗೂ ಒಂದು ಹಾಕಿಸು ಅಂತಿದ್ರು."

ಹಿಂದಿನ ಸಾಲಿನಲ್ಲಿದ್ದ ಈರಣ್ಣ ಬೆಚ್ಚಿ ತಲೆ ಎತ್ತಿದ. ಮೊದಲ ಸಾಲಿನಲ್ಲಿ ಅಭಯ್ ತಾಯಿಯೂ ತಲೆ ಎತ್ತಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಮಗನನ್ನು ನೋಡಿದರು. ಅಭಯ್ ಮಾತ್ರ ಜೀವನವೇ ಒಂದು ಜೋಕು ಎಂಬಲ್ಲಿಗೆ ತಲುಪಿ, ಫೋಟೋಗೆ ಕೈಮುಗಿದು ಕೂತರು.

ಹರ್ಷ ಮೈಕು ಹಿಡಿದ. "ಈಗ ಕುಮಾರಿ ಶರ್ವಾಣಿಯವರಿಂದ ಸ್ಕೆರ್ಟ್ಸೋ. ದಯವಿಟ್ಟು ಚಪ್ಪಾಳೆ ಬೇಡ. ಸಂಗೀತ ಮುಗಿದ ತಕ್ಷಣ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು."

ಮುಗಿದ ತಕ್ಷಣ. ಈರಣ್ಣನಿಗೆ ಡೆಬೊರಾ ಮಿಸ್ ಹೇಳಿದ್ದು ನೆನಪಾಗಿ ಬೆವರಿಳಿಯಿತು.

ಶರ್ವಾಣಿ ನುಡಿಸತೊಡಗಿದಳು. ನಿಧಾನವೂ ಇಲ್ಲ, ದುಃಖವೂ ಇಲ್ಲ. ಸ್ವರಗಳು ಮೆಟ್ಟಿಲ ಮೇಲೆ ಬಿದ್ದ ಗೋಲಿಗಳಂತೆ ಕುಪ್ಪಳಿಸುತ್ತ ಇಳಿದವು. ಜನ ಕಣ್ಣು ಮುಚ್ಚಿ, ಕೈಮುಗಿದು, ಭಾರವಾಗಿ ತಲೆಯಾಡಿಸಿದರು. ದಾವಣಗೆರೆಯ ಸಂದೇಶ ಓದಿದ ಯಾರಿಗೂ ಕಿವಿಯ ಅಗತ್ಯ ಬೀಳಲಿಲ್ಲ. ಸಂಗೀತ ಓಡಿ ಬಂದು ಧಡಮ್ಮನೆ ನಿಂತಿತು. ಇಡೀ ಹಾಲ್ ಕುರ್ಚಿ ಸರಿಸಿ ಎದ್ದು ನಿಂತಿತು.

ಟಿಣಿಟಿಣಿ ಎಂದು ಸಂಗೀತ ಮತ್ತೆ ಹೊರಟಿತು.

ಜನ ಒಬ್ಬರ ಮುಖ ಒಬ್ಬರು ನೋಡಿ ಕೂತರು. ಕೆಲವರು ಕೂರಬಹುದೋ ಬಾರದೋ ಎಂದು ನಿಂತೇ ಇದ್ದು, ಹಿಂದಿನವರು ಅಂಗಿ ಎಳೆದ ಮೇಲೆ ಕೂತರು. ಎಲ್ಲರೂ ಕೂತರು ಎನ್ನುವಾಗ ಸಂಗೀತ ಮತ್ತೊಮ್ಮೆ, ಈ ಸಲ ಖಂಡಿತ ಮುಗಿಯಿತು ಎನ್ನುವ ಹಾಗೆ, ದೊಡ್ಡದಾಗಿ ನಿಂತಿತು. ಮತ್ತೆ ಕುರ್ಚಿಗಳ ಸದ್ದು. ಹರ್ಷ ಮೈಕಿನಲ್ಲಿ ಗಂಭೀರವಾಗಿ, "ಓಂ ಶಾಂತಿಃ," ಎಂದ.

ಪಿಯಾನೋ ಅವನಿಗೆ ಎರಡು ಪುಟ್ಟ ಸ್ವರಗಳಲ್ಲಿ ಉತ್ತರ ಕೊಟ್ಟು ಓಡಿತು.

ಆಗ ಮೊದಲ ಸಾಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡು ಇಬ್ಬರು ಹೆಂಗಸರು ನೀರಿನ ಬಾಟಲಿ ಹಿಡಿದು ಓಡಿದರು. ಅಳುವಲ್ಲ, ಅಭಯ್ ತಾಯಿ ನಗುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ, ಮೈ ಕುಲುಕಿಸಿ ನಗುತ್ತಿದ್ದರು.

"ಅಮ್ಮಾ, ಏನಾಯ್ತು?" ಅಭಯ್ ಗಾಬರಿಯಾಗಿ ಬಗ್ಗಿದರು.

"ಏಳ್ತಾರೆ, ಕೂರ್ತಾರೆ, ಏಳ್ತಾರೆ, ಕೂರ್ತಾರೆ," ಎಂದರು ತಾಯಿ ಕಣ್ಣೊರೆಸಿಕೊಳ್ಳುತ್ತ. "ಅಲ್ವೋ, ನಿಮ್ಮಪ್ಪ ಸಂಜೆ ಹೊತ್ತು ಕೇಳ್ತಿದ್ದಿದ್ದು ಕ್ರಿಕೆಟ್ ಕಾಮೆಂಟರಿ. ಹಾಡು ಬಂದ್ರೆ ಸ್ಟೇಷನ್ ತಿರುಗಿಸ್ತಿದ್ರು. ಅದ್ಯಾವಾಗಪ್ಪಾ ಅವರು ಇದನ್ನ ಕೇಳಿದ್ದು?"

ಅಭಯ್ ಮುಖ ಗಡ್ಡದೊಳಗೇ ಎಲ್ಲೋ ಮರೆಯಾಯಿತು. ಶರ್ವಾಣಿಯ ಕೈ ನಿಂತಿತ್ತು.

"ಮಗೂ, ಇದು ನಗ್ಲಿ ಅಂತಾನೇ ಮಾಡಿರೋದು ತಾನೆ?" ಎಂದು ಅಜ್ಜಿ ಕೇಳಿದರು.

ಶರ್ವಾಣಿ ಹಿಂದಿನ ಸಾಲಿನಲ್ಲಿದ್ದ ತಂದೆಯನ್ನು ನೋಡಿದಳು. ಆಮೇಲೆ ಸ್ಪಷ್ಟ ಕನ್ನಡದಲ್ಲಿ, "ಹೌದು ಅಜ್ಜಿ. ತಮಾಷೆಗೆ," ಎಂದಳು.

"ಮತ್ತೆ ಮೊದಲಿಂದ ನುಡಿಸು. ಇವರು ಎದ್ದು ಕೂತು ಮಾಡಿದ್ರಲ್ಲಿ ನನಗೆ ಸರಿಯಾಗಿ ಕೇಳಿಸ್ಲೇ ಇಲ್ಲ."

ಈ ಸಲ ಯಾರೂ ಏಳಲಿಲ್ಲ. ಸಂಗೀತ ಸುಳ್ಳೇ ಮುಗಿದಾಗಲೆಲ್ಲ ಅಜ್ಜಿ ನಕ್ಕರು, ಅವರು ನಕ್ಕರೆಂದು ಹಾಲ್ ನಕ್ಕಿತು, ಕೊನೆಗೆ ಹರ್ಷನೂ ನಕ್ಕ. ಇಡೀ ಸಭೆಯಲ್ಲಿ ಅಳುತ್ತಿದ್ದವನು ಈರಣ್ಣ ಒಬ್ಬನೇ. ಅದರಲ್ಲಿ ಅರ್ಧ ಸಮಾಧಾನ, ಇನ್ನರ್ಧ ಕಾಂಟ್ರ್ಯಾಕ್ಟು. ಅಜ್ಜಿ ಆವತ್ತು ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡರು ಎಂದು ಶೈಲಜಾ ಆಮೇಲೆ ಹೇಳಿದಳು. ಅಭಯ್ ಮಾತ್ರ ಈರಣ್ಣನ ಹತ್ತಿರ ಬಂದು, "ನಾಳೆ ಬೆಳಿಗ್ಗೆ ಮೊದಲು ನನ್ನ ಕ್ಯಾಬಿನ್ನಿಗೆ ಬನ್ನಿ," ಎಂದಷ್ಟೇ ಹೇಳಿ ಹೋದರು.

ಆವತ್ತು ಮನೆಯಲ್ಲಿ ಈರಣ್ಣ ಹೆಂಡತಿ ಮಗಳ ಮುಂದೆ ಕೂತು ಪ್ರಮಾಣ ಮಾಡಿದ. ಇನ್ನು ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತೇನೆ. ಊರಿಗೆ ಹೋಗಬೇಕಾಗಿ ಬಂದರೂ ಸರಿ, ನಿಜವನ್ನೇ ಹಿಡಿದು ಹೋಗುತ್ತೇನೆ. "ಜಸ್ಟ್ ಆಸ್ಕ್ ಮಿ ನೆಕ್ಸ್ಟ್ ಟೈಮ್, ಅಪ್ಪಾ," ಎಂದಳು ಶರ್ವಾಣಿ. ದನಿಯಲ್ಲಿ ಸಿಟ್ಟು ಇಳಿದಿತ್ತು.

ಸೋಮವಾರ ಕ್ಯಾಬಿನ್ನಿನಲ್ಲಿ ಅಭಯ್ ನುಣ್ಣಗೆ ಗಡ್ಡ ಬೋಳಿಸಿ ಕೂತಿದ್ದರು. ಮೇಜಿನ ಮೇಲೆ ಕಾಂಟ್ರ್ಯಾಕ್ಟು ತೆರೆದಿತ್ತು. ಸಹಿಯ ಜಾಗ ಖಾಲಿ.

"ಬಾಗಿಲು ಹಾಕಿ," ಎಂದರು ಅಭಯ್. "ನಮ್ಮ ಸೋದರತ್ತೆ ಮೈಸೂರಿಂದ ಫೋನ್ ಮಾಡಿದ್ರು. ಭಾಷಣದ ವಿಡಿಯೋ ಅಲ್ಲಿಗೂ ಹೋಗಿದೆ. ನಿಮ್ಮಪ್ಪ ಯಾವಾಗಪ್ಪಾ ಆ ಸಂಗೀತ ಕೇಳಿದ್ದು ಅಂತ ಎಲ್ಲರೂ ಕೇಳ್ತಿದಾರೆ. ಹೆಡ್ ಆಫೀಸಿನವರೂ ಹಾಲ್‌ಗೆ ಬಂದಿದ್ರು. ನೀವೇನೋ ಬಾಯಿಗೆ ಬಂದಿದ್ದು ಹೇಳಿಬಿಟ್ರಿ. ನಾನು ಮೈಕಲ್ಲಿ ಹೇಳಿದೀನಿ. ಈಗ ಅವರಿಗೆಲ್ಲ ಏನು ಹೇಳೋದು?"

ಈರಣ್ಣ ಪ್ರಮಾಣವನ್ನು ನೆನೆದು ಎದೆ ಗಟ್ಟಿ ಮಾಡಿಕೊಂಡ. "ಗೊತ್ತಿಲ್ಲ ಸರ್."

"ಹಾಗನ್ಬೇಡಿ ಈರಣ್ಣ," ಎಂದರು ಅಭಯ್. ಅದು ಆಜ್ಞೆಯಾಗಿರಲಿಲ್ಲ, ಮುಳುಗುವವನ ಬೇಡಿಕೆಯಾಗಿತ್ತು. "ಏನಾದ್ರೂ ಹೇಳಿ."

ಈರಣ್ಣ ಖಾಲಿ ಜಾಗವನ್ನು ನೋಡಿದ. ಅಭಯ್ ಮುಖವನ್ನು ನೋಡಿದ. ಪಾಪ, ಕೇಳಿದವರನ್ನು ಹೇಗೆ ಸುಮ್ಮನೆ ಕಳಿಸುವುದು?

"ಸರ್, ಕಾಮೆಂಟರಿ ಶುರುವಾಗೋಕೆ ಮುಂಚೆ ರೇಡಿಯೋದಲ್ಲಿ ಒಂದು ಮ್ಯೂಸಿಕ್ ಹಾಕ್ತಿದ್ರಲ್ಲ..." ಎಂದು ಮಾತು ತೆಗೆದ.

"ಹಾಕ್ತಿದ್ರು," ಎಂದು ಅಭಯ್ ಪೆನ್ನಿನ ಮುಚ್ಚಳ ಬಿಚ್ಚಿದರು. "ಹೌದು, ಹಾಕ್ತಿದ್ರು. ಮುಂದೆ ಹೇಳಿ."